ಆರು ಎರಡಾದ ದಿನ

ಕಾಂದಿವಲಿಯ ಬಣ್ಣದ ಕಾರ್ಖಾನೆಯಿಂದ ಮತ್ತೆ ಫೋನು ಬಂದಾಗ ಪ್ರಫುಲ್ಲಾ ಜೋಗೇಶ್ವರಿಯ ಆಫೀಸಿನಲ್ಲಿ ಪ್ರೋಗ್ರಾಮುಗಳನ್ನು ತೂತುಗಳಲ್ಲಿ ಬರೆದಿಡುವ ಪೇಪರ್ ಟೇಪೊಂದು ಹರಿದದ್ದಕ್ಕೆ ತೇಪೆ ಹಚ್ಚುತ್ತಿದ್ದಳು. ಫೋನು ಎತ್ತಿದವರು ಮಾಲೀಕರಾದ ಮುರಿಗೆಪ್ಪನವರು. ಆ ಕಡೆಯಿಂದ ಕಾರ್ಖಾನೆಯ ಮ್ಯಾನೇಜರ್ ಪಾಠಾರೆ ಎಷ್ಟು ಜೋರಾಗಿ ಮಾತಾಡುತ್ತಿದ್ದರೆಂದರೆ, ರಿಸೀವರನ್ನು ಕಿವಿಯಿಂದ ಗೇಣುದ್ದ ದೂರ ಹಿಡಿದರೂ ಕೋಣೆಯಲ್ಲಿದ್ದವರಿಗೆಲ್ಲ ಕೇಳುತ್ತಿತ್ತು. ಕಂಪ್ಯೂಟರ್ ಮತ್ತೆ ನಿಂತಿದೆ. ರಿಯಾಕ್ಟರಿನಲ್ಲಿ ಮಾಲು ಇರುವಾಗಲೇ ನಿಂತಿದೆ. ಇಂಥ ಕಂಪ್ಯೂಟರಿಗಿಂತ ಮೊದಲಿನ ಹಾಗೆ ಕೈಯಲ್ಲಿ ವಾಲ್ವು ತಿರುಗಿಸುವುದೇ ವಾಸಿ.

ಅದು ೧೯೭೭ರ ಮಳೆಗಾಲ. ಮುರಿಗೆಪ್ಪನವರು ಹುಬ್ಬಳ್ಳಿಯ ಕಡೆಯವರು. ಕಾರ್ಖಾನೆಗಳಿಗೆ ಉಷ್ಣತೆ ಅಳೆಯುವ ಮೀಟರುಗಳನ್ನು ಮಾಡಿಕೊಡುತ್ತಿದ್ದವರು, ಆ ವರ್ಷ ಧೈರ್ಯ ಮಾಡಿ ಹೊರದೇಶದ ಎರಡು ಸಣ್ಣ ಕಂಪ್ಯೂಟರ್ ತರಿಸಿ, ಪ್ರೋಗ್ರಾಂ ಬರೆದು ನೋಡಲು ಒಂದನ್ನು ಆಫೀಸಿನಲ್ಲಿಟ್ಟುಕೊಂಡು, ಇನ್ನೊಂದನ್ನು ಪಾಠಾರೆಯವರ ಕಾರ್ಖಾನೆಗೆ ಜೋಡಿಸಿದ್ದರು. ಸಣ್ಣದೆಂದರೂ ಬೀರುವಿನಷ್ಟು ಎತ್ತರದ ಆ ಯಂತ್ರ ಯಾವ ವಾಲ್ವು ಯಾವಾಗ ತೆರೆಯಬೇಕು, ಆಸಿಡ್ ಎಷ್ಟು ಹೊತ್ತು ಬೀಳಬೇಕು, ತಣ್ಣೀರು ಯಾವಾಗ ಹರಿಯಬೇಕು ಎಂಬುದನ್ನೆಲ್ಲ ನೋಡಿಕೊಂಡು, ನಡೆದದ್ದನ್ನು ಪಕ್ಕದ ಟೈಪ್ ಮಶೀನಿನಲ್ಲಿ ಬರೆಯುತ್ತಿತ್ತು. ಅದರ ಪ್ರೋಗ್ರಾಮುಗಳನ್ನು ಬರೆಯುವವಳು ಪ್ರಫುಲ್ಲಾ. ಬಾಂದ್ರಾ ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುವ ದೂಜ ಪೂಜಾರಿಯವರ ಮಗಳು. ಗಣಿತದಲ್ಲಿ ಎಂ.ಎಸ್ಸಿ. ಮಾಡಿದ್ದಳು. ಇಪ್ಪತ್ತಾರು ವಯಸ್ಸು. ಮನೆಯಲ್ಲಿ ತುಳು, ಹೊರಗೆ ಹಿಂದಿ. ಕನ್ನಡ ಮಾತಾಡುವಾಗ ಕೆಲವೊಮ್ಮೆ ಪದಕ್ಕಾಗಿ ತಡಕಾಡುತ್ತಿದ್ದಳು, ಆದರೆ ಹೇಳಬೇಕಾದದ್ದನ್ನು ನುಂಗುವವಳಲ್ಲ.

ಫೋನು ಇಟ್ಟ ಮುರಿಗೆಪ್ಪನವರು ಅವಳ ಮೇಜಿನ ಹತ್ತಿರ ಬಂದು ನಿಂತರು.

"ಮತ್ತ ಅದೇನ್ರಿ? ಪ್ಯಾರಿಟಿ?"

"ಹೌದು ಸರ್. ಅದೇ ದೀಪ ಹತ್ತಿದೆಯಂತೆ."

ಕಂಪ್ಯೂಟರಿನ ನೆನಪು, ಅಂದರೆ ಮೆಮರಿ, ಆಗ ಸಾಸಿವೆಗಿಂತ ಚಿಕ್ಕ ಕಾಂತದ ಬಳೆಗಳನ್ನು ಸಣ್ಣ ತಂತಿಗಳಲ್ಲಿ ಪೋಣಿಸಿದ ಜಾಲರಿಯಾಗಿರುತ್ತಿತ್ತು. ಒಂದೊಂದು ಬಳೆಯಲ್ಲಿ ಸೊನ್ನೆ ಅಥವಾ ಒಂದು ಎಂಬ ಅಂಕೆ. ಹದಿನಾರು ಬಳೆ ಸೇರಿದರೆ ಒಂದು ಪದ. ಪ್ರತಿ ಪದದ ಪಕ್ಕದಲ್ಲಿ ಕಾವಲಿಗೆಂದು ಹದಿನೇಳನೆಯ ಬಳೆ ಇರುತ್ತಿತ್ತು. ತನ್ನನ್ನೂ ಸೇರಿಸಿ ಪದದಲ್ಲಿರುವ ಒಂದುಗಳ ಲೆಕ್ಕ ಯಾವಾಗಲೂ ಬೆಸವಾಗಿರುವಂತೆ ಅದು ನೋಡಿಕೊಳ್ಳುತ್ತಿತ್ತು. ಎಲ್ಲೋ ಒಂದು ಬಳೆ ತಿರುಗಿಬಿದ್ದರೆ ಲೆಕ್ಕ ಸಮವಾಗುತ್ತದೆ, ಯಂತ್ರಕ್ಕೆ ಮೋಸ ಗೊತ್ತಾಗುತ್ತದೆ. ಯಾವ ಬಳೆ ತಿರುಗಿತು ಎಂದು ಮಾತ್ರ ಗೊತ್ತಾಗುವುದಿಲ್ಲ. ಇದಕ್ಕೆ ಪ್ಯಾರಿಟಿ ಎಂದು ಹೆಸರು. ಹೀಗೆ ತಪ್ಪು ಸಿಕ್ಕಿದಾಗ ಏನು ಮಾಡಬೇಕೆಂಬುದನ್ನು ತೀರ್ಮಾನಿಸುವುದು ಯಂತ್ರದ ಒಳಗಿನ ಮೂಲ ಪ್ರೋಗ್ರಾಂ. ಬೇರೆಲ್ಲ ಪ್ರೋಗ್ರಾಮುಗಳನ್ನು ಓಡಿಸುವುದೂ ನಿಲ್ಲಿಸುವುದೂ ಅದೇ ಆದ್ದರಿಂದ ಅದನ್ನು ಸೂಪರ್‌ವೈಸರ್ ಎನ್ನುತ್ತಿದ್ದರು. ತಯಾರಿಸಿದವರು ಬರೆದುಕೊಟ್ಟ ಸೂಪರ್‌ವೈಸರಿಗೆ ಒಂದೇ ಉಪಾಯ ಗೊತ್ತಿತ್ತು: ತಪ್ಪು ಕಂಡರೆ ಇದ್ದಲ್ಲೇ ನಿಂತುಬಿಡುವುದು.

"ಪಾಠಾರೆ ಸಾಹೇಬ್ರು ಏನಂತಾರ ಅಂದ್ರ," ಎಂದರು ಮುರಿಗೆಪ್ಪನವರು, "ಪ್ಯಾರಿಟಿ ನೋಡೂದನ್ನ ಬಂದ್ ಮಾಡಾಕ ಪ್ಯಾನೆಲ್ ಮ್ಯಾಲ ಒಂದು ಸ್ವಿಚ್ ಐತಿ. ಅದನ್ನ ಆಫ್ ಮಾಡಿಬಿಡ್ರಿ ಅಂತಾರ. ನನಗೂ ಒಂದ್ ಕ್ಷಣ ಖರೆ ಅನಿಸ್ತು."

"ಆಫ್ ಮಾಡಿದರೆ ತಪ್ಪು ಹೋಗುವುದಿಲ್ಲ ಸರ್. ತಪ್ಪು ಉಂಟು ಅಂತ ಹೇಳುವುದು ಹೋಗುತ್ತದೆ ಅಷ್ಟೆ. ತಪ್ಪು ಲೆಕ್ಕದ ಮೇಲೆಯೇ ಆಸಿಡ್ ವಾಲ್ವು ತೆರೆಯುತ್ತದೆ."

"ಮತ್ತ ಹಿಂಗ ನಿಂತರ?"

"ನಿಂತರೂ ಸರಿಯಿಲ್ಲ. ಎರಡೂ ಬೇಡ. ನಾನು ಬೇರೆ ಬರೆಯುತ್ತೇನೆ. ದೀಪಾವಳಿವರೆಗೆ ಟೈಮ್ ಕೊಡಿ."

ಮುರಿಗೆಪ್ಪನವರು ಅವಳ ಮುಖ ನೋಡಿದರು. ಬೇರೆ ಯಾರಾದರೂ ಹಾಗೆಂದಿದ್ದರೆ ನಾಲ್ಕು ಪ್ರಶ್ನೆ ಕೇಳುತ್ತಿದ್ದರೇನೋ. "ಬರೀರಿ," ಎಂದಷ್ಟೇ ಹೇಳಿ, ಪಾಠಾರೆಯವರನ್ನು ಸಮಾಧಾನ ಮಾಡಲು ಮತ್ತೆ ಫೋನಿನ ಕಡೆಗೆ ಹೋದರು.

ಮರುದಿನ ಬೆಳಿಗ್ಗೆ ಅವಳು ಜೋಗೇಶ್ವರಿಯಲ್ಲಿ ಇಳಿಯದೆ ಅದೇ ಲೋಕಲ್ ಟ್ರೇನಿನಲ್ಲಿ ಕಾಂದಿವಲಿಗೆ ಹೋದಳು. ಯಂತ್ರ ನಿಂತಾಗ ಕಾರ್ಖಾನೆಯಲ್ಲಿ ನಿಜವಾಗಿ ಏನಾಗುತ್ತದೆ ಎಂದು ಅವಳಿಗೆ ನೋಡಬೇಕಿತ್ತು. ರಿಯಾಕ್ಟರನ್ನು ನೋಡಿಕೊಳ್ಳುತ್ತಿದ್ದವನು ವಿಜಾಪುರ ಕಡೆಯ ಶೆಟ್ಟೆಪ್ಪ. ಕಬ್ಬಿಣದ ಅಟ್ಟದ ಮೇಲೆ, ಅವನು ಹಂಡೆ ಎಂದು ಕರೆಯುವ ಆ ದೊಡ್ಡ ರಿಯಾಕ್ಟರಿನ ಪಕ್ಕದಲ್ಲಿ ಅವನ ಸ್ಟೂಲು. ಆಸಿಡ್ಡಿನ ಹೊಗೆಗೆ ಅಲ್ಲಿ ಕಣ್ಣು ಉರಿಯುತ್ತಿತ್ತು.

"ಕಂಪ್ಯೂಟರ್ ನಿಂತಾಗ ನಿಮಗೆ ಹೇಗೆ ಗೊತ್ತಾಗ್ತದೆ ಶೆಟ್ಟೆಪ್ಪಣ್ಣ?"

"ಟೈಪ್ ಮಶೀನ್ ಸಪ್ಪಳ ನಿಲ್ತೈತಲ್ರಿ ಬಾಯಾರ. ಅದು ಆವಾಗಾವಾಗ ಟಕಟಕ ಅಂತಿರ್ತೈತಿ. ಭಾಳ ಹೊತ್ತು ಸುಮ್ಮನಿತ್ತಂದ್ರ ಹೋಗಿ ನೋಡ್ತೀನಿ."

"ಅಷ್ಟು ಹೊತ್ತು ವಾಲ್ವು?"

"ಹ್ಯಾಂಗಿತ್ತೋ ಹಂಗ. ತೆರದಿದ್ರ ತೆರದ ಇರ್ತೈತಿ. ಮೊನ್ನೆ ಆಸಿಡ್ ಬೀಳಾಕತ್ತಿತ್ತು. ಚಾ ಕುಡ್ಯಾಕ ಹೋಗಿದ್ದೆ. ಬರೂದ್ರಾಗ ಕಾಟಾ ಇಲ್ಲಿಗೆ ಬಂದಿತ್ತು." ಅವನು ಉಷ್ಣತೆಯ ಮೀಟರಿನಲ್ಲಿ ಮುಳ್ಳು ಬಂದು ನಿಂತಿದ್ದ, ಕೆಂಪು ಗೆರೆಯ ಹತ್ತಿರದ ಜಾಗ ತೋರಿಸಿದ. "ಓಡಿಹೋಗಿ ನೀರು ಬಿಟ್ಟೆ. ಸಾಹೇಬ್ರಿಗೆ ಹೇಳಲಿಲ್ಲ."

ಪ್ರಫುಲ್ಲಾ ಆ ಗೆರೆಯನ್ನು ನೋಡಿದಳು. ಅದನ್ನು ದಾಟಿದರೆ ಮಾಲು ತಾನಾಗಿಯೇ ಕಾಯುತ್ತ ಹೋಗುತ್ತದೆ, ಆಮೇಲೆ ನೀರಿನಿಂದಲೂ ತಡೆಯಲಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸುಮ್ಮನೆ ನಿಲ್ಲುವುದನ್ನು ಜೋಪಾನ ಎಂದುಕೊಂಡವರು ಇಂಥ ಹಂಡೆಯ ಪಕ್ಕ ನಿಂತವರಲ್ಲ ಎಂದು ಮರಳುವಾಗ ಟ್ರೇನಿನಲ್ಲಿ ಅವಳಿಗನಿಸಿತು.

ಕೆಲಸ ಶುರುವಾಯಿತು. ಅವಳ ಜೊತೆ ಸೇರಿದವನು ಹಣಮಂತ. ಕಂಪನಿಯ ವೈರಿಂಗು, ಬೆಸುಗೆ, ರಿಪೇರಿ ಎಲ್ಲ ಅವನದು. ನಲವತ್ತು ದಾಟಿದವನು, ಬೆಳಗಾವಿಯಲ್ಲಿ ಡಿಪ್ಲೊಮಾ ಮಾಡಿ ರೇಡಿಯೊ ಕಂಪನಿಯಲ್ಲಿದ್ದು ಬಂದವನು. ಅವಳನ್ನು ತಂಗಿ ಎನ್ನುತ್ತಿದ್ದ, ಒಂದೊಂದು ಸಲ ಅವಳ ಕನ್ನಡ ಕೇಳಿ ನಗುತ್ತಿದ್ದ.

ತಪ್ಪು ಸಿಕ್ಕಿದ ಜಾಗ ಯಾವುದು ಎಂಬುದರ ಮೇಲೆ ಏನು ಮಾಡಬೇಕೆಂಬುದು ನಿಂತಿದೆ ಎಂದು ಪ್ರಫುಲ್ಲಾ ಅವನಿಗೆ ವಿವರಿಸಿದಳು. ಕೆಟ್ಟದ್ದು ಉಷ್ಣತೆಯ ಅಂಕಿಯಾದರೆ ಚಿಂತೆಯಿಲ್ಲ, ಅದನ್ನು ಬಿಸಾಡಿ ಮೀಟರಿನಿಂದ ಹೊಸದಾಗಿ ಓದಿಕೊಂಡರಾಯಿತು. ಬರೀ ವರದಿ ಟೈಪು ಮಾಡುವ ಪ್ರೋಗ್ರಾಂ ಕೆಟ್ಟರೆ ಅದೊಂದನ್ನು ನಿಲ್ಲಿಸಿ ಉಳಿದವನ್ನು ನಡೆಸಬಹುದು. ಆದರೆ ಬ್ಯಾಚು ಯಾವ ಹಂತದಲ್ಲಿದೆ ಎಂಬ ಪದ ಕೆಟ್ಟರೆ, ಅಥವಾ ಸೂಪರ್‌ವೈಸರಿನ ಸ್ವಂತ ಜಾಗವೇ ಕೆಟ್ಟರೆ, ನಿಜ ಏನೆಂದು ಯಂತ್ರಕ್ಕೆ ಗೊತ್ತಾಗುವ ದಾರಿಯೇ ಇಲ್ಲ.

"ಆವಾಗ ಅಂದಾಜು ಮಾಡಬಾರದು," ಎಂದಳು. "ಆಸಿಡ್ ಬಂದ್ ಮಾಡಬೇಕು, ತಣ್ಣೀರು ಬಿಡಬೇಕು, ಗಂಟೆ ಹೊಡೆದು ಮನುಷ್ಯರ ಕೈಗೆ ಕೊಡಬೇಕು."

"ಗಂಟಿ ಹೊಡಿಯಾಕ ಮಶೀನ್ ಜೀವಂತ ಇರಬೇಕಲ್ಲ ತಂಗಿ? ಅದೇ ಸತ್ತರ?"

ಅದಕ್ಕೆ ಇಬ್ಬರೂ ಸೇರಿ ಒಂದು ಉಪಾಯ ಮಾಡಿದರು. ಹಣಮಂತ ಒಂದು ರಿಲೇ, ಅಂದರೆ ಕರೆಂಟಿನಿಂದ ತಾನಾಗಿ ಹಿಡಿದು ಬಿಡುವ ಸ್ವಿಚ್ಚು, ಜೋಡಿಸಿದ. ಯಂತ್ರ ಸರಿಯಾಗಿರುವವರೆಗೆ ಅದಕ್ಕೆ ಆಗಾಗ ಒಂದು ಮಿಡಿತ ಕಳಿಸುತ್ತಿರಬೇಕು. ಮಿಡಿತ ತಪ್ಪಿದರೆ ರಿಲೇ ಬೀಳುತ್ತದೆ. ಅದು ಬಿದ್ದ ತಕ್ಷಣ ಆಸಿಡ್ಡಿನ ವಾಲ್ವು ಮುಚ್ಚಿ, ನೀರಿನ ವಾಲ್ವು ತೆರೆದು, ಗಂಟೆ ಹೊಡೆಯುತ್ತದೆ. ಇದಕ್ಕೆ ಯಾವ ಪ್ರೋಗ್ರಾಮೂ ಬೇಡ.

ಭಾನುವಾರಗಳಲ್ಲಿ ಪ್ರಫುಲ್ಲಾ ಹೋಟೆಲಿನ ಹಿಂದಿನ ಮೇಜಿನ ಮೇಲೆ ಹಾಳೆ ಹರಡಿಕೊಂಡು ಬರೆಯುತ್ತಿದ್ದಳು. ಊಟದ ಗಿರಾಕಿಗಳು ಹೋಗಿ ಚಹಾದ ಗಿರಾಕಿಗಳು ಬರುವುದರೊಳಗಿನ ಹೊತ್ತು ಅದು. ಅಪ್ಪ ಒಂದು ಲೋಟ ಕಾಫಿ ತಂದಿಟ್ಟು ತುಳುವಿನಲ್ಲಿ ಕೇಳಿದರು, "ಬ್ಯಾಂಕಿನಲ್ಲಿದ್ದರೆ ಭಾನುವಾರವಾದರೂ ಮನೆಯಲ್ಲಿರುತ್ತಿದ್ದಿ. ಈ ಕೆಲಸ ಎಂತದ್ದಕ್ಕೆ ಮಗಾ ನಿನಗೆ ಇಷ್ಟು ಇಷ್ಟ?"

"ನಾನು ಸರಿಯಾಗಿ ಬರೆದರೆ ಒಂದು ಜಾಗದಲ್ಲಿ ಒಬ್ಬ ಮನುಷ್ಯ ಸುಮ್ಮನೆ ಕೂತು ಚಾ ಕುಡಿಯಬಹುದು ಅಪ್ಪ."

ದೂಜ ಪೂಜಾರಿಯವರಿಗೆ ಅದು ಪೂರ್ತಿ ಅರ್ಥವಾಗಲಿಲ್ಲ. ಆದರೆ ಮಗಳ ಮುಖದಲ್ಲಿ ದಣಿವಿರಲಿಲ್ಲವೆಂಬುದನ್ನು ನೋಡಿ, ಫ್ಯಾನು ಅವಳ ಕಡೆಗೆ ತಿರುಗಿಸಿ ಹೋದರು.

ಬರೆದದ್ದಾಯಿತು. ಆದರೆ ಅದು ಸರಿಯೆಂದು ತಿಳಿಯುವುದು ಹೇಗೆ? ಬಳೆ ತಾನಾಗಿ ತಿರುಗಲೆಂದು ಕಾದು ಕೂರುವಂತಿಲ್ಲ. ಹಣಮಂತ ಮೆಮರಿಯ ಕಾವಲು ತಂತಿಗೆ ಒಂದು ಗುಂಡಿ ಸೇರಿಸಿದ. ಅದನ್ನು ಒತ್ತಿದಾಗ ತಾವು ಆರಿಸಿದ ಪದದ ಪಕ್ಕದಲ್ಲಿ ಬೇಕೆಂದೇ ತಪ್ಪು ಲೆಕ್ಕ ಬರೆಯುತ್ತಿತ್ತು. ರಿಯಾಕ್ಟರಿನ ಬದಲಿಗೆ ಆಫೀಸಿನ ಮೂಲೆಯಲ್ಲಿ ಒಂದು ಕಬ್ಬಿಣದ ಬಕೆಟ್ಟು, ನೀರು ಕಾಯಿಸುವ ಕಾಯಿಲು, ಒಂದು ಥರ್ಮಾಮೀಟರು. ನೀರು ಬಿಸಿಯಾಗುತ್ತ ಹೋದಾಗ ಕಾಯಿಲು ಆರಿಸಿ ಗಂಟೆ ಹೊಡೆಯುವುದು ಯಂತ್ರದ ಕೆಲಸ.

ಪರೀಕ್ಷೆಯ ದಿನ ಮುರಿಗೆಪ್ಪನವರು ಕುರ್ಚಿ ಎಳೆದುಕೊಂಡು ಕುಳಿತರು. ಮೊದಲು ಉಷ್ಣತೆಯ ಅಂಕಿ ಕೆಡಿಸಿದರು. ಯಂತ್ರ ಅದನ್ನು ಬಿಸಾಡಿ ಹೊಸದು ಓದಿಕೊಂಡಿತು, ಟೈಪ್ ಮಶೀನಿನಲ್ಲಿ ಒಂದು ಸಾಲು ಬರೆದು ಮುಂದೆ ನಡೆಯಿತು. ಮುರಿಗೆಪ್ಪನವರು ತಲೆದೂಗಿದರು. ಆಮೇಲೆ ಹಣಮಂತ ಕೇಳಿದ, "ಈಗ ಎಲ್ಲಿ ಒತ್ತಲಿ?"

"ಟೈಪು ಮಾಡಿಸುವ ಪ್ರೋಗ್ರಾಮಿನಲ್ಲೇ ಒತ್ತಿ."

ಹಣಮಂತ ಒತ್ತಿದ. ಟೈಪ್ ಮಶೀನು ಸುಮ್ಮನಾಯಿತು. ಪ್ಯಾನೆಲಿನ ದೀಪಗಳು ಮೊದಲಿನ ಹಾಗೆಯೇ ಮಿನುಗುತ್ತಿದ್ದವು, ರಿಲೇ ಬೀಳಲಿಲ್ಲ. ಬಕೆಟ್ಟಿನಿಂದ ಉಗಿ ಏಳತೊಡಗಿತು. ಗುಳ್ಳೆ ಎದ್ದವು. ನೀರು ಕೊತಕೊತ ಕುದಿಯುವಾಗ ಹಣಮಂತ ಎದ್ದು ಕಾಯಿಲಿನ ಪ್ಲಗ್ಗು ಕಿತ್ತ.

"ನೀರು ಕುದೀತು, ಗಂಟಿ ಸುಮ್ನ ಕುಂತೈತಿ," ಎಂದ.

ಮುರಿಗೆಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. "ಪ್ರಫುಲ್ಲಾ ಅವ್ರ, ಇದಕ್ಕಿಂತ ಹಳೇದ ಚೊಲೋ ಇತ್ತಲ್ರಿ. ಅದು ನಿಂತದ್ದು ಗೊತ್ತರ ಆಗ್ತಿತ್ತು."

"ಹೌದು ಸರ್. ಇವತ್ತಿನ ಮಟ್ಟಿಗೆ ಹಳೆಯದೇ ಒಳ್ಳೆಯದು," ಎಂದಳು ಪ್ರಫುಲ್ಲಾ. ಅವಳ ಧ್ವನಿಯಲ್ಲಿ ನಾಚಿಕೆಯಿರಲಿಲ್ಲ. ಕಾಂದಿವಲಿಯಲ್ಲಿ ಆಗಬಹುದಾಗಿದ್ದದ್ದು ಇಲ್ಲಿ ಬಕೆಟ್ಟಿನಲ್ಲಿ ಆಯಿತಲ್ಲ ಎಂಬ ನೆಮ್ಮದಿಯೇ ಹೆಚ್ಚಾಗಿತ್ತು. ಆಗಲೇ ಅವಳು ಪ್ಯಾನೆಲಿನ ದೀಪಗಳನ್ನು ಓದುತ್ತಿದ್ದಳು.

ಕಾರಣ ಅರ್ಥವಾಗಲು ಬಹಳ ಹೊತ್ತು ಬೇಕಾಗಲಿಲ್ಲ. ತಪ್ಪು ಸಿಕ್ಕಿದ ಕೂಡಲೇ ಅವಳ ಹೊಸ ಭಾಗ ಮಾಡುತ್ತಿದ್ದ ಮೊದಲ ಕೆಲಸ, ತಪ್ಪಾಗಿದೆ ಎಂದು ಟೈಪು ಮಾಡಿಸುವುದು. ಟೈಪು ಮಾಡಿಸುವ ಪ್ರೋಗ್ರಾಮೇ ಕೆಟ್ಟಿದ್ದರಿಂದ ಅಲ್ಲಿ ಇನ್ನೊಂದು ತಪ್ಪು. ಅದನ್ನು ತಿಳಿಸಲು ಮತ್ತೆ ಟೈಪು, ಮತ್ತೆ ತಪ್ಪು. ಹೀಗೆ ಯಂತ್ರ ತನ್ನ ಸುತ್ತಲೇ ಸುತ್ತುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ರಿಲೇಗೆ ಮಿಡಿತ ಕಳಿಸುವ ಕೆಲಸವನ್ನು ಅವಳು ಯಂತ್ರದ ಗಡಿಯಾರಕ್ಕೆ ಒಪ್ಪಿಸಿದ್ದಳು. ಉಳಿದದ್ದೆಲ್ಲ ಹುಚ್ಚು ಹಿಡಿದು ತಿರುಗುತ್ತಿದ್ದರೂ ಗಡಿಯಾರ ಮಾತ್ರ ತನ್ನ ಪಾಡಿಗೆ ತಾನು ನಡೆಯುತ್ತ, ಎಲ್ಲ ಸರಿಯಿದೆ ಎಂದು ಮಿಡಿತ ಕಳಿಸುತ್ತಲೇ ಇತ್ತು.

"ಅಂದ್ರ ಹೆಣದ ಕೈ ನಾಡಿ ಬಡೀತಿತ್ತು," ಎಂದ ಹಣಮಂತ.

"ಹಾಗೇ. ಇನ್ನು ಗಡಿಯಾರ ಮಿಡಿತ ಕಳಿಸಬಾರದು. ಮೀಟರು ಓದಿ, ಲೆಕ್ಕ ಮಾಡಿ, ವಾಲ್ವಿಗೆ ಹೇಳಿ, ಒಂದು ಸುತ್ತು ಪೂರ್ತಿ ಮುಗಿದ ಮೇಲೆಯೇ ಮಿಡಿತ. ಮಧ್ಯೆ ಎಲ್ಲಿ ಸಿಕ್ಕಿಬಿದ್ದರೂ ಮಿಡಿತ ಇಲ್ಲ."

ಉಳಿದದ್ದನ್ನೂ ತಿರುಗಿಸಿ ಬರೆದಳು. ತಪ್ಪು ಸಿಕ್ಕಿದಾಗ ಓಡುವ ಭಾಗವನ್ನು ಎಷ್ಟು ಸಾಧ್ಯವೋ ಅಷ್ಟು ಚಿಕ್ಕದು ಮಾಡಿ, ಬೇರೆ ಯಾವ ಪ್ರೋಗ್ರಾಮಿನ ಸಹಾಯವನ್ನೂ ಕೇಳದಂತೆ ಅದಕ್ಕೆ ಪ್ರತ್ಯೇಕ ಜಾಗ ಕೊಟ್ಟಳು. ಒಳಗೆ ಕಾಲಿಟ್ಟ ಕೂಡಲೇ ಅದು ಒಂದು ಗುರುತು ಹಾಕಿಕೊಳ್ಳಬೇಕು. ಆ ಗುರುತು ಇರುವಾಗಲೇ ಇನ್ನೊಂದು ತಪ್ಪು ಬಂದರೆ ಸರಿಪಡಿಸಲು ಹೋಗದೆ ಅಲ್ಲೇ ನಿಲ್ಲಬೇಕು. ನಿಂತರೆ ರಿಲೇ ಬೀಳುತ್ತದೆ, ಉಳಿದದ್ದನ್ನು ರಿಲೇ ನೋಡಿಕೊಳ್ಳುತ್ತದೆ. ವಾಲ್ವಿನ ಕೆಲಸ ಮೊದಲು, ಗಂಟೆ ಆಮೇಲೆ, ಟೈಪು ಎಲ್ಲಕ್ಕೂ ಕೊನೆಗೆ. ಮುಂದಿನ ವಾರವಿಡೀ ಹಣಮಂತ ಆ ಗುಂಡಿಯನ್ನು ಎಲ್ಲೆಲ್ಲಿ ಒತ್ತಬಹುದೋ ಅಲ್ಲೆಲ್ಲ ಒತ್ತಿದ. ಅವಳು ಹೇಳಿದಲ್ಲಿಯೂ ಒತ್ತಿದ, ಹೇಳದಲ್ಲಿಯೂ ಒತ್ತಿದ. ಬಕೆಟ್ಟು ಮತ್ತೆ ಕುದಿಯಲಿಲ್ಲ.

ದೀಪಾವಳಿಯ ರಜೆಯಲ್ಲಿ ಕಾರ್ಖಾನೆ ಖಾಲಿಯಿದ್ದಾಗ ಹೊಸ ಸೂಪರ್‌ವೈಸರನ್ನು ಕಾಂದಿವಲಿಯ ಯಂತ್ರಕ್ಕೆ ತುಂಬಿದರು. ರಿಯಾಕ್ಟರಿನಲ್ಲಿ ಬರೀ ನೀರು ತುಂಬಿಸಿ ಶೆಟ್ಟೆಪ್ಪನಿಗೂ ರೂಢಿ ಮಾಡಿಸಿದರು. ಗಂಟೆ ಹೊಡೆದರೆ ಏನು ನೋಡಬೇಕು, ಯಾವ ವಾಲ್ವನ್ನು ಕೈಯಿಂದ ಮುಟ್ಟಿ ಖಚಿತ ಮಾಡಿಕೊಳ್ಳಬೇಕು ಎಂದು ಪ್ರಫುಲ್ಲಾ ಅವನ ಜೊತೆ ಅಟ್ಟ ಹತ್ತಿ ಇಳಿದಳು. ಪಾಠಾರೆ ಒಮ್ಮೆ ಬಂದು ನೋಡಿ ಹೋದರು. ಅವರಿಗೆ ಇನ್ನೂ ಅನುಮಾನವಿತ್ತು.

"ಇದೂ ನಿಲ್ಲುತ್ತದೆ ತಾನೆ?" ಎಂದು ಹಿಂದಿಯಲ್ಲಿ ಕೇಳಿದರು.

"ಬೇಕಾದಾಗ ಮಾತ್ರ ಸಾಹೇಬ್," ಎಂದಳು.

ಡಿಸೆಂಬರಿನ ಒಂದು ಬೆಳಿಗ್ಗೆ, ಹೊಸ ಬಣ್ಣವೊಂದರ ಟೇಪು ತುಂಬಿಸಲು ಪ್ರಫುಲ್ಲಾ ಕಾಂದಿವಲಿಗೆ ಹೋಗಿದ್ದಳು. ನಡೆಯುತ್ತಿದ್ದ ಬ್ಯಾಚು ಮುಗಿಯಲೆಂದು ಕಂಪ್ಯೂಟರಿನ ಕೋಣೆಯಲ್ಲಿ ಕಾಯುತ್ತಿದ್ದಾಗ ರಿಯಾಕ್ಟರಿನ ಅಟ್ಟದ ಮೇಲೆ ಗಂಟೆ ಹೊಡೆಯಿತು. ಹಣಮಂತ ಅಂದು ಜೋಗೇಶ್ವರಿಯಲ್ಲಿದ್ದ. ಯಾರೂ ಯಾವ ಗುಂಡಿಯನ್ನೂ ಒತ್ತಿರಲಿಲ್ಲ. ಪ್ರಫುಲ್ಲಾ ಕಿಟಕಿಯಿಂದ ನೋಡಿದಳು. ಶೆಟ್ಟೆಪ್ಪ ಆಗಲೇ ಎದ್ದು ಆಸಿಡ್ಡಿನ ವಾಲ್ವಿನ ಮೇಲೆ ಕೈಯಿಟ್ಟಿದ್ದ. ಅದು ಮುಚ್ಚಿತ್ತು. ನೀರಿನ ಪೈಪು ಮುಟ್ಟಿ ನೋಡಿದ. ಅವಳ ಕಡೆ ತಿರುಗಿ, ಹರಿಯುತ್ತಿದೆ ಎಂದು ಕೈಸನ್ನೆ ಮಾಡಿದ. ಆಗ ಟೈಪ್ ಮಶೀನು ಟಕಟಕನೆ ಎರಡು ಸಾಲು ಬರೆಯಿತು: ಹಂತದ ಪದ ಕೆಟ್ಟಿದೆ, ಬ್ಯಾಚನ್ನು ಕೈಯಿಂದ ನಡೆಸಿರಿ.

ಅವಳು ಹಾಳೆಯ ಮೇಲೆ ಬರೆದದ್ದು ಅದೇ ಕ್ರಮದಲ್ಲಿ ಕಣ್ಣೆದುರು ನಡೆದಿತ್ತು.

ಪಾಠಾರೆ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದರು. "ಮತ್ತೆ ನಿಂತಿತಾ? ಈ ಬ್ಯಾಚು ನಾಳೆ ಕಳಿಸಬೇಕಾದ ಮಾಲು. ಪ್ಯಾರಿಟಿ ಬಂದ್ ಮಾಡಿ, ಚಾಲೂ ಮಾಡಿ."

ಅವರೇ ಪ್ಯಾನೆಲಿನ ಸ್ವಿಚ್ಚಿಗೆ ಕೈ ಚಾಚಿದರು. ಪ್ರಫುಲ್ಲಾ ಅವರಿಗೂ ಪ್ಯಾನೆಲಿಗೂ ನಡುವೆ ಬಂದು ನಿಂತಳು.

"ಒಂದು ನಿಮಿಷ ಸಾಹೇಬ್. ಮುಟ್ಟಬೇಡಿ. ಮಶೀನಿಗೆ ಗೊತ್ತಿಲ್ಲದ್ದು ಏನು ಅಂತ ನೋಡುವಾ." ಕಿಟಕಿಯಿಂದ ಶೆಟ್ಟೆಪ್ಪನನ್ನು ಕೂಗಿ ಕೇಳಿದಳು, "ಶೆಟ್ಟೆಪ್ಪಣ್ಣ, ಬ್ಯಾಚು ಎಲ್ಲಿಗೆ ಬಂದಿತ್ತು?"

"ಆಸಿಡ್ ಹಾಕೂದು ಮುಗದು ಭಾಳ ಹೊತ್ತಾತ್ರಿ ಬಾಯಾರ. ತಂಪ್ ಮಾಡೂದು ನಡದಿತ್ತು."

"ಅಂದರೆ ಆರನೆಯ ಹಂತ," ಎಂದು ಅವಳು ಪಾಠಾರೆಯವರಿಗೆ ಹಿಂದಿಯಲ್ಲಿ ಹೇಳಿದಳು. "ಮೆಮರಿಯಲ್ಲಿ ಈಗ ಏನುಂಟು ನೋಡಿ."

ಪ್ಯಾನೆಲಿನ ಸ್ವಿಚ್ಚುಗಳಲ್ಲಿ ಆ ಪದದ ವಿಳಾಸ ಹಾಕಿ ಓದುವ ಗುಂಡಿ ಒತ್ತಿದಳು. ಸಾಲಾಗಿದ್ದ ದೀಪಗಳಲ್ಲಿ ಕೊನೆಯ ಮೂರನ್ನು ಬೆರಳಿನಿಂದ ತೋರಿಸಿದಳು. "ಎಡಗಡೆಯದು ನಾಲ್ಕು, ನಡುವಿನದು ಎರಡು, ಬಲಗಡೆಯದು ಒಂದು. ಆರು ಅಂತಾದರೆ ನಾಲ್ಕು ಮತ್ತು ಎರಡು, ಎರಡೂ ದೀಪ ಹತ್ತಬೇಕಿತ್ತು."

ನಡುವಿನ ದೀಪ ಮಾತ್ರ ಹತ್ತಿತ್ತು.

ಪಾಠಾರೆ ಬಗ್ಗಿ ನೋಡಿದರು. ಅವರು ರಸಾಯನಶಾಸ್ತ್ರ ಓದಿದವರು, ಆ ಬಣ್ಣದ ಒಂದೊಂದು ಹಂತವನ್ನೂ ತಾವೇ ಬರೆದುಕೊಟ್ಟವರು. ಎರಡನೆಯ ಹಂತ ಯಾವುದೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಎರಡು," ಎಂದರು ಮೆಲ್ಲಗೆ. "ಎರಡು ಅಂದರೆ ಆಸಿಡ್ ಸುರಿಯುವುದು."

"ಪ್ಯಾರಿಟಿ ಬಂದ್ ಇದ್ದಿದ್ದರೆ ಅದು ಎರಡನ್ನೇ ನಂಬುತ್ತಿತ್ತು. ತಣ್ಣೀರು ನಿಲ್ಲಿಸಿ ಇನ್ನೊಮ್ಮೆ ಪೂರ್ತಿ ಆಸಿಡ್ ಬಿಡುತ್ತಿತ್ತು."

ಪಾಠಾರೆ ಕೈ ಹಿಂದಕ್ಕೆ ತೆಗೆದುಕೊಂಡರು. ಕಿಟಕಿಯ ಆಚೆ, ಹಂಡೆಯ ಸುತ್ತ ನಿಂತು ಕೆಲಸ ಮಾಡುತ್ತಿದ್ದ ನಾಲ್ಕೈದು ಜನರನ್ನು ನೋಡಿದರು. ಆಮೇಲೆ ಹತ್ತಿರವಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟರು.

"ಈಗ ಏನು ಮಾಡೋಣ?" ಎಂದು ಕೇಳಿದರು. ಈ ಸಲ ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ಆರು ಅಂತ ನಾನೇ ಬರೆದು ಚಾಲೂ ಮಾಡಬಹುದು. ಆದರೆ ಆ ಪದ ಇರುವ ಮೆಮರಿ ಬೋರ್ಡಿನ ಮೇಲೆ ನನಗೆ ಭರವಸೆ ಇಲ್ಲ. ಇವತ್ತು ಕೆಟ್ಟದ್ದು ಇನ್ನೊಂದು ಗಂಟೆಗೆ ಮತ್ತೆ ಕೆಡಬಹುದು. ಬ್ಯಾಚು ಹಾಳಾಗಿಲ್ಲ, ತಂಪಾಗುತ್ತಾ ಉಂಟು. ಉಳಿದದ್ದನ್ನು ಶೆಟ್ಟೆಪ್ಪ ಕೈಯಲ್ಲಿ ಮುಗಿಸಲಿ. ನಾನು ಇಲ್ಲೇ ಇರುತ್ತೇನೆ."

ಶೆಟ್ಟೆಪ್ಪ ಮುಗಿಸಿದ. ಮಾಲು ಮರುದಿನ ಹೇಳಿದ ಹೊತ್ತಿಗೆ ಹೋಯಿತು.

ಹಣಮಂತ ಬಂದು ಮೆಮರಿಯ ಬೋರ್ಡನ್ನು ಹೊರಗೆಳೆದಾಗ ಅದನ್ನು ಯಂತ್ರಕ್ಕೆ ಸೇರಿಸುವ ಹಿತ್ತಾಳೆಯ ಹಲ್ಲುಗಳಲ್ಲಿ ಕೆಲವಕ್ಕೆ ಹಸಿರು ಹಿಡಿದಿತ್ತು. "ಆಸಿಡ್ ಹೊಗಿ ಇದನ್ನೂ ಬಿಟ್ಟಿಲ್ಲ ನೋಡು ತಂಗಿ," ಎಂದು ತೋರಿಸಿದ. "ಮಶೀನಂದೇನೂ ತಪ್ಪಿಲ್ಲ. ನಾವು ಅದನ್ನ ತಂದು ಹೊಗಿಯೊಳಗ ಕುಂದ್ರಿಸೀವಿ."

ಪಾಠಾರೆ ಕಂಪ್ಯೂಟರಿನ ಕೋಣೆಗೆ ಎರಡು ಬಾಗಿಲು ಹಾಕಿಸಿದರು, ಸಂದುಗಳಿಗೆಲ್ಲ ರಬ್ಬರ್ ಹೊಡೆಸಿದರು. ಕೇಳುವ ಮೊದಲೇ ಏರ್ ಕಂಡೀಶನರನ್ನೂ ತರಿಸಿದರು. ಪ್ರಫುಲ್ಲಾ ಮುರಿಗೆಪ್ಪನವರ ಹತ್ತಿರ ಇನ್ನೊಂದು ಮೆಮರಿ ಬೋರ್ಡು ಕೇಳಿದಳು.

"ಜಾಗ ಸಾಲದೆ ಹಂತದ ಪದವನ್ನೂ, ಬ್ಯಾಚಿನ ಅಳತೆಗಳನ್ನೂ ಒಂದೇ ಕಡೆ ಇಟ್ಟಿದ್ದೆ ಸರ್. ಇನ್ನೊಂದು ಬೋರ್ಡು ಇದ್ದರೆ ಅದರದ್ದೇ ಒಂದು ಜೊತೆ ಪ್ರತಿ ಅಲ್ಲಿಡುತ್ತೇನೆ. ಒಂದು ಕೆಟ್ಟರೆ, ಕೆಟ್ಟದ್ದು ಯಾವುದು ಅಂತ ಪ್ಯಾರಿಟಿ ಹೇಳುತ್ತದೆ. ಒಳ್ಳೆಯದನ್ನು ತೆಗೆದುಕೊಂಡು ಮುಂದೆ ಹೋಗಬಹುದು."

"ಎರಡೂ ಕೆಟ್ಟರ?"

"ಗಂಟೆ ಹೊಡೆಯುತ್ತದೆ."

ಮುರಿಗೆಪ್ಪನವರು ನಕ್ಕರು. "ಬೋರ್ಡ್ ತರಸ್ತೀನಿ. ಪಾಠಾರೆ ಸಾಹೇಬ್ರು ಎರಡನೇ ಶೆಡ್ಡಿಗೂ ಇಂಥದ್ದ ಮಶೀನ್ ಬೇಕಂತ ಕೇಳ್ಯಾರ. ಸೂಪರ್‌ವೈಸರ್ ನೀವ ಬರದದ್ದ ಇರಬೇಕು ಅಂತನೂ ಅಂದಾರ. ನಾ ಹೂಂ ಅಂದೀನಿ. ನಿಮ್ಮನ್ನ ಕೇಳಲಿಲ್ಲ."

"ಕೇಳಿದ್ದರೂ ಹೂಂ ಅನ್ನುತ್ತಿದ್ದೆ ಸರ್."

ಬೋರ್ಡು ಬಂದದ್ದು ಬೇಸಿಗೆಯ ಮೊದಲಲ್ಲಿ. ಹಣಮಂತ ಅದನ್ನು ಹೆಂಡತಿ ಸುಂದ್ರವ್ವನ ಹಳೆಯ ಸೀರೆಯಲ್ಲಿ ಸುತ್ತಿ, ಮಧ್ಯಾಹ್ನದ ಖಾಲಿ ಲೋಕಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕಾಂದಿವಲಿಗೆ ತಂದ. ಪ್ರಫುಲ್ಲಾ ಹೊಸ ಟೇಪನ್ನು ಯಂತ್ರಕ್ಕೆ ಊಡಿಸಿದಳು. ಪರೀಕ್ಷೆ ನೋಡಲು ಪಾಠಾರೆ ತಾವಾಗಿಯೇ ಬಂದರು. ರಿಯಾಕ್ಟರಿನಲ್ಲಿ ನೀರು ತುಂಬಿಸಿ ಬ್ಯಾಚು ಶುರು ಮಾಡಿದರು. ಹಂತಗಳು ಒಂದರ ಹಿಂದೆ ಒಂದು ಸಾಗಿದವು. ಹಣಮಂತ ತನ್ನ ಗುಂಡಿಯ ಪೆಟ್ಟಿಗೆ ಹಿಡಿದು ಯಂತ್ರದ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದ.

ಪಾಠಾರೆ ಕೈಕಟ್ಟಿ ನಿಂತು ಗಂಟೆಯ ಸದ್ದಿಗಾಗಿ ಕಿಟಕಿಯ ಆಚೆಗೇ ಕಿವಿಗೊಟ್ಟಿದ್ದರು. ಶೆಟ್ಟೆಪ್ಪ ಸ್ಟೂಲಿನ ಮೇಲೆ ಕೂತು ಮೀಟರು ನೋಡುತ್ತಿದ್ದ. ಟೈಪ್ ಮಶೀನು ಒಂದು ಸಾಲು ಬರೆದು ಸುಮ್ಮನಾಯಿತು. ನೀರಿನ ವಾಲ್ವು ತನ್ನ ಹೊತ್ತಿಗೆ ತೆರೆದುಕೊಂಡಿತು. ಇನ್ನೂ ಸ್ವಲ್ಪ ಹೊತ್ತು ಕಳೆಯಿತು.

"ಯಾವಾಗ ಕೆಡಿಸುತ್ತೀರಿ?" ಎಂದು ಪಾಠಾರೆ ಕೇಳಿದರು.

"ಆಯಿತಲ್ಲ ಸಾಹೇಬ್. ಆಗಲೇ ಕೆಡಿಸಿದರು," ಎಂದು ಪ್ರಫುಲ್ಲಾ ಟೈಪ್ ಮಶೀನಿನ ಹಾಳೆಯನ್ನು ಅವರ ಕಡೆ ತಿರುಗಿಸಿದಳು. ಹಂತದ ಪದ ಕೆಟ್ಟಿತ್ತು, ಎರಡನೆಯ ಬೋರ್ಡಿನಿಂದ ತೆಗೆದುಕೊಳ್ಳಲಾಗಿದೆ, ಬ್ಯಾಚು ಮುಂದುವರಿದಿದೆ ಎಂದಿತ್ತು.

ಪಾಠಾರೆ ಆ ಸಾಲನ್ನು ಎರಡು ಸಲ ಓದಿದರು. "ಹಾಗಾದರೆ ಇನ್ನು ಮೇಲೆ ನಿಲ್ಲುವುದೇ ಇಲ್ಲ?"

"ನಿಲ್ಲುತ್ತದೆ ಸಾಹೇಬ್. ಕಡಿಮೆ ನಿಲ್ಲುತ್ತದೆ. ನಿಂತಾಗ ನಿಮಗೆ ಹೇಳಿ ನಿಲ್ಲುತ್ತದೆ."

ಪಾಠಾರೆ ಬಾಗಿಲು ದಾಟಿ ಹೊರಗೆ ಹೋಗಿ, ಎಲ್ಲರಿಗೂ ಚಹಾ ತರಿಸಲು ಶೆಟ್ಟೆಪ್ಪನಿಗೆ ಹೇಳಿದರು. ಯಂತ್ರದ ಹಿಂದಿನಿಂದ ಹಣಮಂತ ಸೊಂಟ ಹಿಡಿದುಕೊಂಡು ಎದ್ದು ಬಂದ, ತನ್ನದಕ್ಕೆ ಸಕ್ಕರೆ ಕಡಿಮೆ ಇರಲಿ ಎಂದ.